ಕನ್ನಡಕದ ಹಿಂದಿನ ಕಣ್ಣಿಗೆ ಒಗ್ಗುವ ದುರ್ಬೀನು

ದುರ್ಬೀನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಅದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು. ಶಿರಸಿಯ ಸುತ್ತಲಿನ ಕಾಡುಗಳಲ್ಲಿ, ಅಘನಾಶಿನಿಯ ಅಳಿವೆಯಲ್ಲಿ, ಕಾರವಾರದ ಕಡಲಂಚಿನಲ್ಲಿ ಬಹುಕಾಲದಿಂದ ಕನ್ನಡಕದ ಮೇಲೆಯೇ ದುರ್ಬೀನು ಒತ್ತಿಕೊಂಡು ಹಕ್ಕಿ ನೋಡುತ್ತ ಬಂದಿರುವ ನನಗೆ, ಕನ್ನಡಕ ಧರಿಸುವವರ ಮಟ್ಟಿಗೆ ಆ ಪ್ರಶ್ನೆ ಮೂರನೆಯದೋ ನಾಲ್ಕನೆಯದೋ ಆಗಬೇಕೆಂದು ತೋರುತ್ತದೆ. ಕಣ್ಣು ಗಾಜಿನಿಂದ ಹೆಚ್ಚೆಂದರೆ ಎಷ್ಟು ಹಿಂದೆ ಇದ್ದು ನೋಟವನ್ನು ಪೂರ್ತಿಯಾಗಿ ಪಡೆಯಬಹುದು ಎಂಬುದೇ ನಮ್ಮ ಮೊದಲ ಪ್ರಶ್ನೆ. ಈ ಅಂತರವನ್ನು ತಯಾರಕರು ಐ ರಿಲೀಫ್ ಎಂಬ ಹೆಸರಿನಲ್ಲಿ ಮಿಲಿಮೀಟರುಗಳಲ್ಲಿ ಕೊಡುತ್ತಾರೆ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 8×42, 10×50 ಎಂದು ಬರೆದಿರುತ್ತದೆ (ಮೊದಲ ಅಂಕಿ ಹಿಗ್ಗಳತೆ, ಅಂದರೆ ಎಷ್ಟು ಪಟ್ಟು ಎಂಬುದು; ಎರಡನೆಯದು ಮುಂದಿನ ಗಾಜಿನ ಅಡ್ಡಳತೆ, ಮಿಲಿಮೀಟರುಗಳಲ್ಲಿ); ಐ ರಿಲೀಫ್ ಮಾತ್ರ ಒಳಗಿನ ಚೀಟಿಯಲ್ಲಿ ಎಲ್ಲೋ ಕೆಳಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ.

ದುರ್ಬೀನನ್ನು ಬೆಳಕಿನ ಕಡೆಗೆ ಹಿಡಿದು, ನಾವು ಕಣ್ಣಿಡುವ ಗಾಜನ್ನು ತೋಳಿನಷ್ಟು ದೂರದಿಂದ ನೋಡಿದರೆ, ಅದರ ನಡುವೆ ಬೆಳಕಿನ ಒಂದು ಪುಟ್ಟ ದುಂಡು ಬಿಲ್ಲೆ ಕಾಣುತ್ತದೆ. ಅದು ಮುಂದಿನ ದೊಡ್ಡ ಮಸೂರದ ಬಿಂಬ. ಅದು ಗಾಜಿನ ಮೇಲೆ ಅಂಟಿಕೊಂಡಿಲ್ಲ. ಗಾಜಿನಿಂದ ಸ್ವಲ್ಪ ಹಿಂದೆ, ನಮ್ಮ ಕಡೆಗೆ, ಗಾಳಿಯಲ್ಲಿ ಮೂಡಿರುತ್ತದೆ. ದುರ್ಬೀನಿನೊಳಗೆ ಬಂದ ಬೆಳಕೆಲ್ಲ ಆ ಬಿಲ್ಲೆಯ ಮೂಲಕವೇ ಹೊರಬೀಳುವುದರಿಂದ, ನಮ್ಮ ಕಣ್ಣಿನ ಪಾಪೆ ಸರಿಯಾಗಿ ಅದೇ ಜಾಗದಲ್ಲಿದ್ದರೆ ನೋಟದ ವೃತ್ತ ಅಂಚಿನಿಂದ ಅಂಚಿಗೆ ತುಂಬಿ ಕಾಣುತ್ತದೆ. ಕಣ್ಣು ಅದಕ್ಕಿಂತ ಹಿಂದೆ ಸರಿದರೆ ವೃತ್ತದ ಅಂಚುಗಳು ಕತ್ತರಿಸಿಹೋಗುತ್ತವೆ. ತೀರ ಮುಂದೆ ಹೋದರೆ ಕಪ್ಪು ನೆರಳುಗಳು ಅತ್ತಿತ್ತ ಹೊರಳಾಡುತ್ತವೆ. ಕೊನೆಯ ಗಾಜಿನಿಂದ ಆ ಬಿಲ್ಲೆಯವರೆಗಿನ ದೂರವೇ ಐ ರಿಲೀಫ್.

ಕನ್ನಡಕವಿಲ್ಲದವರು ಐಕಪ್ಪಿನ, ಅಂದರೆ ಕಣ್ಣಿಡುವ ಗಾಜಿನ ಸುತ್ತಲಿನ ಬಳೆಯ, ರಬ್ಬರನ್ನು ಹುಬ್ಬಿಗೆ ತಾಗಿಸಿದರೆ ಸಾಕು, ಕಣ್ಣು ತಾನಾಗಿಯೇ ಸರಿಯಾದ ಜಾಗಕ್ಕೆ ಬರುತ್ತದೆ. ನಮ್ಮದು ಹಾಗಲ್ಲ. ಕನ್ನಡಕದ ಗಾಜು ಕಣ್ಣಿನ ಮೇಲ್ಮೈಯಿಂದ ಸಾಮಾನ್ಯವಾಗಿ 12ರಿಂದ 14 ಮಿಲಿಮೀಟರ್ ಮುಂದೆ ಕುಳಿತಿರುತ್ತದೆ. ಅದಕ್ಕೆ ಗಾಜಿನ ದಪ್ಪ ಸೇರಬೇಕು. ಕಣ್ಣಿನ ಪಾಪೆಯೂ ಮೇಲ್ಮೈಯಲ್ಲಿಲ್ಲ, ಸುಮಾರು ಮೂರು ಮಿಲಿಮೀಟರ್ ಒಳಗಿದೆ. ಇವೆಲ್ಲವನ್ನೂ ಕೂಡಿಸಿದರೆ, ಕನ್ನಡಕ ಧರಿಸಿದವರು ನಿಶ್ಚಿಂತೆಯಿಂದ ನೋಡಲು ಕನಿಷ್ಠ 16ರಿಂದ 18 ಮಿಲಿಮೀಟರ್ ಐ ರಿಲೀಫ್ ಬೇಕಾಗುತ್ತದೆ. ಮೂಗಿನ ಸೇತುವೆ ಎತ್ತರವಿದ್ದು ಕನ್ನಡಕ ಮುಂದಕ್ಕೆ ನಿಲ್ಲುವವರಿಗೆ ಇನ್ನೂ ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೆ ಒಳ್ಳೆಯದು. ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಸಾಕಷ್ಟು ದುರ್ಬೀನುಗಳಲ್ಲಿ ಈ ಅಂಕಿ 10ರಿಂದ 12ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇದರಿಂದ ಆಗುವ ನಷ್ಟ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಎಂಟು ಪಟ್ಟಿನ ಸಾಧಾರಣ ಒಳ್ಳೆಯ ದುರ್ಬೀನು ಒಂದು ಸಾವಿರ ಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ವೃತ್ತವನ್ನು ತೋರಿಸುತ್ತದೆ. ಕನ್ನಡಕದ ದೆಸೆಯಿಂದ ಆ ವೃತ್ತದ ಅಡ್ಡಳತೆಯ ಮೂರರಲ್ಲಿ ಎರಡು ಭಾಗ ಮಾತ್ರ ಕಂಡರೆ, ಅಗಲ 87 ಮೀಟರಿಗೆ ಇಳಿಯುತ್ತದೆ. ವಿಸ್ತೀರ್ಣದ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಹಣ ಕೊಟ್ಟು ಕೊಂಡ ನೋಟದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕನ್ನಡಕವೇ ನುಂಗಿದಂತಾಯಿತು. ದಾಂಡೇಲಿಯ ಕಾಡಿನಲ್ಲಿ ದೊಡ್ಡ ಮಂಗಟ್ಟೆ ಹಾರಿ ಬರುವಾಗ ರೆಕ್ಕೆಯ ಭಾರಿ ಸದ್ದು ಮೊದಲು ಕೇಳುತ್ತದೆ, ಹಕ್ಕಿ ಕಾಣುವುದು ಆಮೇಲೆ, ಅದೂ ಮರಗಳ ತಲೆಗಳ ನಡುವಿನ ತುಂಡು ಆಕಾಶದಲ್ಲಿ ಕೆಲವೇ ಕ್ಷಣ. ಅಷ್ಟರಲ್ಲಿ ಅದನ್ನು ವೃತ್ತದೊಳಗೆ ಹಿಡಿಯಬೇಕಾದರೆ ವೃತ್ತ ಅಗಲವಾಗಿರಲೇಬೇಕು. ಮಂಗಟ್ಟೆಯ ನಾಲ್ಕು ಜಾತಿಗಳು ಒಂದೇ ಪ್ರದೇಶದಲ್ಲಿ ಕಾಣಸಿಗುವ ದಾಂಡೇಲಿಯಂಥ ಊರಿಗೆ ಹೋಗಿ, ಕಿರಿದಾದ ವೃತ್ತದಲ್ಲಿ ಬರಿಯ ಎಲೆಗಳನ್ನೇ ಹುಡುಕುತ್ತ ನಿಲ್ಲುವುದು ಬಹಳ ಬೇಸರದ ಸಂಗತಿ.

ಚೀಟಿಯಲ್ಲಿರುವ ಅಂಕಿಯನ್ನೂ ಪೂರ್ತಿಯಾಗಿ ನೆಚ್ಚುವಂತಿಲ್ಲ. ತಯಾರಕರು ಅಳೆಯುವುದು ಗಾಜಿನ ಮೇಲ್ಮೈಯಿಂದ. ಆದರೆ ಆ ಗಾಜು ಐಕಪ್ಪಿನ ಅಂಚಿಗಿಂತ ಎರಡರಿಂದ ನಾಲ್ಕು ಮಿಲಿಮೀಟರ್ ಒಳಗೆ ಕುಳಿತಿರುತ್ತದೆ, ನಮ್ಮ ಕನ್ನಡಕ ತಾಗುವುದು ಅಂಚಿಗೆ. ಹೀಗಾಗಿ 17 ಎಂದು ಬರೆದ ದುರ್ಬೀನಿನಲ್ಲಿ ನಮಗೆ ನಿಜವಾಗಿ ಒದಗುವುದು 14 ಇರಬಹುದು. 16 ಎಂದು ಬರೆದು ಗಾಜನ್ನು ಅಂಚಿನ ಸಮೀಪಕ್ಕೇ ಕೂರಿಸಿರುವ ಇನ್ನೊಂದು ಅದಕ್ಕಿಂತ ಮೇಲಾಗಿರಬಹುದು. ಇದನ್ನು ಮನೆಯಲ್ಲೇ ಅಳೆಯಲು ಬರುತ್ತದೆ. ಐಕಪ್ಪನ್ನು ಪೂರ್ತಿ ಕೆಳಗಿಳಿಸಿ, ದುರ್ಬೀನಿನ ಮುಂಭಾಗವನ್ನು ಬೆಳಕಿರುವ ಕಿಟಕಿಯ ಕಡೆಗೆ ಮಾಡಿ ಮೇಜಿನ ಮೇಲಿಡಬೇಕು. ಹಿಂಭಾಗದಲ್ಲಿ ಒಂದು ಬಿಳಿ ಕಾಗದವನ್ನು ಹಿಡಿದು ಮೆಲ್ಲನೆ ಹಿಂದೆ ಮುಂದೆ ಸರಿಸಿದರೆ, ಒಂದು ಜಾಗದಲ್ಲಿ ಬೆಳಕಿನ ಬಿಲ್ಲೆ ಅತ್ಯಂತ ಚಿಕ್ಕದಾಗಿ, ಅಂಚು ಸ್ಪಷ್ಟವಾಗಿ ಮೂಡುತ್ತದೆ. ಅಲ್ಲಿಂದ ಐಕಪ್ಪಿನ ಅಂಚಿಗಿರುವ ದೂರವನ್ನು ಶಾಲೆಯ ಮಕ್ಕಳ ಸ್ಕೇಲಿನಿಂದ ಅಳೆದರೆ ಕನ್ನಡಕದವರಿಗೆ ದಕ್ಕುವ ನಿಜವಾದ ಐ ರಿಲೀಫ್ ತಿಳಿಯುತ್ತದೆ. ಸೂರ್ಯನ ದಿಕ್ಕಿಗೆ ಮಾತ್ರ ಈ ಪರೀಕ್ಷೆ ಸಲ್ಲದು, ಕಾಗದ ಹೊತ್ತಿಕೊಳ್ಳುವ ಅಪಾಯವಿದೆ.

ಹಾಗಿದ್ದರೆ ಎಲ್ಲ ದುರ್ಬೀನುಗಳಿಗೂ ಉದ್ದನೆಯ ಐ ರಿಲೀಫ್ ಕೊಟ್ಟುಬಿಡಬಹುದಲ್ಲ ಎಂದು ಕೇಳಬಹುದು. ಕಿಟಕಿಗೆ ಮುಖ ತಾಗಿಸಿ ನಿಂತರೆ ಇಡೀ ಅಂಗಳ ಕಾಣುತ್ತದೆ, ಕೋಣೆಯ ಹಿಂದಿನ ಗೋಡೆಗೆ ಒರಗಿ ನಿಂತರೆ ತೆಂಗಿನ ಮರವೊಂದು ಮಾತ್ರ ಕಾಣುತ್ತದೆ. ಹಿಂದೆ ನಿಂತೂ ಇಡೀ ಅಂಗಳ ಕಾಣಬೇಕಾದರೆ ಕಿಟಕಿಯನ್ನೇ ದೊಡ್ಡದು ಮಾಡಬೇಕು. ದುರ್ಬೀನಿನಲ್ಲೂ ಹಾಗೆಯೇ. 60 ಡಿಗ್ರಿ ಅಗಲದ ನೋಟವನ್ನು 18 ಮಿಲಿಮೀಟರ್ ಹಿಂದಿನಿಂದ ಕಾಣಿಸಲು ಕಣ್ಣಿನ ಕಡೆಯ ಗಾಜಿನ ಅಡ್ಡಳತೆ ಕಡೇ ಪಕ್ಷ 21 ಮಿಲಿಮೀಟರ್ ಇರಬೇಕು. 10 ಮಿಲಿಮೀಟರ್ ಹಿಂದಿನಿಂದಾದರೆ 12ಕ್ಕಿಂತ ಕೊಂಚ ಕಡಿಮೆ ಸಾಕು. ದೊಡ್ಡ ಗಾಜೆಂದರೆ ಹೆಚ್ಚು ತೂಕ, ಅಂಚಿನಲ್ಲಿ ಬಿಂಬ ಕೆಡದಂತೆ ನೋಡಿಕೊಳ್ಳಲು ಹೆಚ್ಚು ಮಸೂರಗಳು, ಅದರಿಂದಾಗಿ ಹೆಚ್ಚು ಬೆಲೆ. ಆದ್ದರಿಂದ ಅಗ್ಗದ ದುರ್ಬೀನಿನ ಮೇಲೆ ಉದ್ದನೆಯ ಐ ರಿಲೀಫ್ ಬರೆದಿದ್ದರೆ, ನೋಟದ ಅಗಲವನ್ನು ಎಷ್ಟು ಕಡಿತ ಮಾಡಿದ್ದಾರೆ ಎಂಬುದನ್ನೂ ಕೂಡಲೇ ನೋಡಬೇಕು.

ಈ ಕೊಡುಕೊಳ್ಳುವಿಕೆ ಅತ್ಯಂತ ತೀವ್ರವಾಗಿ ಕಾಣುವುದು ಪಿಸ್ತೂಲಿನ ಸ್ಕೋಪುಗಳಲ್ಲಿ, ಅಂದರೆ ಗುರಿ ಹಿಡಿಯಲು ಅದರ ಮೇಲೆ ಕೂರಿಸುವ ದೂರದರ್ಶಕಗಳಲ್ಲಿ. ಬಂದೂಕಿನ ಸ್ಕೋಪಿಗೆ ಎಂಟರಿಂದ ಹತ್ತು ಸೆಂಟಿಮೀಟರ್ ಐ ರಿಲೀಫ್ ಇರುತ್ತದೆ, ಏಕೆಂದರೆ ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಸ್ಕೋಪಿನ ಅಂಚು ಹುಬ್ಬಿಗೆ ಬಡಿಯಬಾರದು. ಪಿಸ್ತೂಲನ್ನಾದರೋ ತೋಳು ಚಾಚಿ ಹಿಡಿಯಬೇಕು. ಆದ್ದರಿಂದ ಅದರ ಸ್ಕೋಪು ಅರ್ಧ ಮೀಟರಿನಷ್ಟು ಹಿಂದಿರುವ ಕಣ್ಣಿಗೂ ನೋಟ ಕೊಡುವಂತಿರಬೇಕು. ಅಷ್ಟು ಹಿಂದಿನಿಂದ ಅಷ್ಟು ಚಿಕ್ಕ ಗಾಜಿನ ಮೂಲಕ ನೋಡುವಾಗ ನೋಟ ಬಹಳ ಕಿರಿದಾಗುತ್ತದೆ. ಅಂಥ ಸ್ಕೋಪುಗಳು ಹೆಚ್ಚಾಗಿ ಎರಡು ಅಥವಾ ನಾಲ್ಕು ಪಟ್ಟಿನಲ್ಲೇ ನಿಲ್ಲುವುದಕ್ಕೆ ಇದೊಂದು ಕಾರಣ, ಚಾಚಿದ ಕೈಯ ನಡುಕ ಇನ್ನೊಂದು ಕಾರಣ. ಅಮೆರಿಕದಲ್ಲಿ ರಿವಾಲ್ವರಿನಿಂದ ಬೇಟೆಯಾಡುವವರು ಇವನ್ನು ಬಳಸುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಅಂಥ ಬೇಟೆಗೆ ಅವಕಾಶವಿಲ್ಲ. ಒಲಿಂಪಿಕ್ಸಿನ ಪಿಸ್ತೂಲ್ ಸ್ಪರ್ಧೆಗಳಲ್ಲೂ ತೆರೆದ ಸೈಟುಗಳಿಗೆ, ಅಂದರೆ ಮಸೂರವಿಲ್ಲದ ಗುರಿಗುರುತುಗಳಿಗೆ, ಮಾತ್ರ ಅನುಮತಿ. ಆದರೂ ಅವುಗಳ ರಚನೆಯಿಂದ ಹಕ್ಕಿ ನೋಡುವವರು ಕಲಿಯಬೇಕಾದದ್ದು ಇದೆ.

ಮುಖ್ಯವಾಗಿ ಕಲಿಯಬೇಕಾದದ್ದು ಆ ಬೆಳಕಿನ ಬಿಲ್ಲೆಯ ಗಾತ್ರದ ಬಗ್ಗೆ. ಮುಂದಿನ ಗಾಜಿನ ಅಡ್ಡಳತೆಯನ್ನು ಹಿಗ್ಗಳತೆಯಿಂದ ಭಾಗಿಸಿದರೆ ಅದು ಸಿಗುತ್ತದೆ. ಎರಡು ಪಟ್ಟಿನ, 20 ಮಿಲಿಮೀಟರ್ ಗಾಜಿನ ಪಿಸ್ತೂಲ್ ಸ್ಕೋಪಿನಲ್ಲಿ ಅದು 10 ಮಿಲಿಮೀಟರ್. ಕೈಯೂ ತಲೆಯೂ ಅಲುಗುತ್ತಿರುವಾಗ ಕಣ್ಣಿನ ಪಾಪೆ ಆ ಬಿಲ್ಲೆಯಿಂದ ಹೊರಗೆ ಜಾರದಿರಲಿ ಎಂದೇ ಅಷ್ಟು ದೊಡ್ಡದಾಗಿ ಇಟ್ಟಿರುತ್ತಾರೆ. ಕನ್ನಡಕದವರಿಗೂ ಇದೇ ನ್ಯಾಯ ಅನ್ವಯಿಸುತ್ತದೆ, ಏಕೆಂದರೆ ನಮ್ಮ ಕಣ್ಣಿಗೆ ಐಕಪ್ಪಿನ ಆಸರೆಯಿಲ್ಲ. ಕನ್ನಡಕದ ನುಣುಪಾದ ಗಾಜಿನ ಮೇಲೆ ದುರ್ಬೀನು ಅಷ್ಟಿಷ್ಟು ಜಾರುತ್ತಲೇ ಇರುತ್ತದೆ. 8×42ರಲ್ಲಿ ಬಿಲ್ಲೆ 5.25 ಮಿಲಿಮೀಟರ್, 10×42ರಲ್ಲಿ 4.2, ಜೇಬಿಗೆ ಹಿಡಿಸುವ 10×25ರಲ್ಲಿ ಕೇವಲ 2.5. ಹಗಲಿನಲ್ಲಿ ನಮ್ಮ ಪಾಪೆಯೇ ಎರಡು ಮೂರು ಮಿಲಿಮೀಟರ್ ಇರುವುದರಿಂದ, 10×25ರಲ್ಲಿ ಕಣ್ಣು ಕೂದಲೆಳೆಯಷ್ಟು ಸರಿದರೂ ನೋಟದ ಮೇಲೆ ನೆರಳು ಬೀಳುತ್ತದೆ. ದೇವಬಾಗದಿಂದಲೋ ಕಾರವಾರದಿಂದಲೋ ದೋಣಿಯಲ್ಲಿ ಹೊರಟು ಬಿಳಿ ಹೊಟ್ಟೆಯ ಕಡಲ ಹದ್ದನ್ನು ನೋಡಬೇಕೆನ್ನುವವರಿಗೆ 7×50ನ್ನೇ ಹೇಳುತ್ತೇನೆ. ಅದರ ಬಿಲ್ಲೆ ಏಳು ಮಿಲಿಮೀಟರಿಗಿಂತ ದೊಡ್ಡದು, ದೋಣಿ ಹೊಯ್ದಾಡಿದರೂ ನೋಟ ಕೈಬಿಡುವುದಿಲ್ಲ. ನಾವಿಕರು ಅದನ್ನೇ ಆರಿಸಿಕೊಂಡು ಬಂದಿರುವುದು ಸುಮ್ಮನೆ ಅಲ್ಲ.

ಹಿಗ್ಗಳತೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಕನ್ನಡಕದವರಿಗೆ ಎಂಟು ಪಟ್ಟು. ಒಂದೇ ಸರಣಿಯ ಎಂಟು ಮತ್ತು ಹತ್ತು ಪಟ್ಟಿನ ದುರ್ಬೀನುಗಳನ್ನು ಹೋಲಿಸಿದರೆ ಹತ್ತರದಕ್ಕೆ ಸಾಮಾನ್ಯವಾಗಿ ಐ ರಿಲೀಫ್ ಕಡಿಮೆ, ನೋಟ ಕಿರಿದು, ಕೈ ನಡುಕ ಹೆಚ್ಚು. ಶಿರಸಿ, ಸಿದ್ದಾಪುರ ಸೀಮೆಯ ನಿತ್ಯಹರಿದ್ವರ್ಣ ಕಾಡುಗಳಲ್ಲಿ ನಡುಹಗಲೂ ಮಬ್ಬಾಗಿರುತ್ತದೆ; ಅಲ್ಲಿ ಹಕ್ಕಿಯಾಗಲಿ ಸಿಂಗಳೀಕವಾಗಲಿ ಹೆಚ್ಚು ದೂರದಲ್ಲಿರುವುದಿಲ್ಲ, ಬೆಳಕೇ ಕೊರತೆ. ಜೂಮ್ ಇರುವ ದುರ್ಬೀನುಗಳಿಂದಂತೂ ದೂರ ಇರುವುದು ಲೇಸು. ಜೂಮ್ ಇರುವ ಪಿಸ್ತೂಲ್ ಸ್ಕೋಪುಗಳಲ್ಲಿ ಹಿಗ್ಗಳತೆ ಏರಿಸಿದಂತೆಲ್ಲ ಐ ರಿಲೀಫ್ ಇಳಿಯುತ್ತ ಹೋಗುವುದುಂಟು. ಜೂಮ್ ದುರ್ಬೀನುಗಳಲ್ಲಿ ಮೊದಲೇ ಕಿರಿದಾದ ನೋಟದ ಮೇಲೆ ಆ ತೊಂದರೆಯೂ ಸೇರುತ್ತದೆ.

ಕನ್ನಡಕ ತೆಗೆದು ನೋಡಿದರಾಯಿತಲ್ಲ ಎನ್ನುವವರಿದ್ದಾರೆ. ಬರಿಯ ಸಮೀಪದೃಷ್ಟಿ ಅಥವಾ ದೂರದೃಷ್ಟಿಯ ದೋಷವಿದ್ದರೆ ಇದು ಸಾಧ್ಯ, ಏಕೆಂದರೆ ಫೋಕಸ್ ಚಕ್ರವನ್ನು ತಿರುಗಿಸಿ ಆ ದೋಷವನ್ನು ಸರಿದೂಗಿಸಬಹುದು. ಮೈನಸ್ ಐದು ಆರಕ್ಕಿಂತ ಹೆಚ್ಚಿನ ಪವರ್ ಇದ್ದವರಿಗೆ ಮಾತ್ರ ಕೆಲವು ದುರ್ಬೀನುಗಳ ಚಕ್ರ ಕೊನೆಯವರೆಗೆ ತಿರುಗಿದರೂ ದೂರದ ವಸ್ತು ಸ್ಪಷ್ಟವಾಗುವುದಿಲ್ಲ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ ಇದ್ದವರ ಮಾತು ಬೇರೆ. ಆ ದೋಷವನ್ನು ಯಾವ ಫೋಕಸ್ ಚಕ್ರವೂ ಸರಿಪಡಿಸುವುದಿಲ್ಲ, ಪವರ್ ಸ್ವಲ್ಪ ಹೆಚ್ಚಿದ್ದರೆ ಕನ್ನಡಕ ಇರಲೇಬೇಕು. ಅದಕ್ಕಿಂತ ದೊಡ್ಡ ತೊಡಕು ಬಳಕೆಯದು. ಹಕ್ಕಿಯನ್ನು ಮೊದಲು ಬರಿಗಣ್ಣಿನಿಂದ, ಅಂದರೆ ಕನ್ನಡಕದ ಕಣ್ಣಿನಿಂದ, ಪತ್ತೆ ಹಚ್ಚಬೇಕು. ಆಮೇಲೆ ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ನಡುವೆ ಕನ್ನಡಕ ತೆಗೆದು ಹಣೆಗೇರಿಸುವ ಹೊತ್ತಿಗೆ ಹಕ್ಕಿ ಇನ್ನೊಂದು ಮರದಲ್ಲಿರುತ್ತದೆ. ಪ್ರೋಗ್ರೆಸಿವ್ ಗಾಜಿನವರು ತಲೆಯನ್ನು ತುಸು ಬಾಗಿಸಿ ಗಾಜಿನ ಮೇಲ್ಭಾಗದಿಂದ, ಅಂದರೆ ದೂರ ನೋಡುವ ಭಾಗದಿಂದ ನೋಡಬೇಕು. ಕೆಳಭಾಗದ ಮೂಲಕ ನೋಡಿ ದುರ್ಬೀನೇ ಮಸುಕಾಗಿದೆ ಎಂದುಕೊಳ್ಳುವವರು ಇದ್ದಾರೆ.

ಐಕಪ್ಪು ತಿರುಗಿಸಿ ಮೇಲೆ ಕೆಳಗೆ ಮಾಡುವಂಥದಿರಲಿ, ನಡುವೆ ಒಂದೆರಡು ಕಡೆ ನಿಲ್ಲುವ ಕಚ್ಚು ಇರಲಿ. ಕನ್ನಡಕದವರಿಗೆ ಅದು ಪೂರ್ತಿ ಕೆಳಗೆ. ನಮ್ಮ ಮನೆಯಲ್ಲಿ ಅಪ್ಪಯ್ಯನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದಮೇಲೆ ದೂರ ನೋಡಲು ಕನ್ನಡಕ ಬೇಕಾಗಿಲ್ಲ. ತೋಟದ ಅಂಚಿನಲ್ಲಿ ಕುಳಿತು ಅವರು ಅದೇ ದುರ್ಬೀನನ್ನು ಬಳಸುವಾಗ ಐಕಪ್ಪನ್ನು ಪೂರ್ತಿ ಮೇಲೆತ್ತಿಕೊಳ್ಳುತ್ತಾರೆ. ಹಾಗೆ ಮಾಡದಿದ್ದರೆ ಅವರ ಕಣ್ಣು ಗಾಜಿಗೆ ತೀರ ಹತ್ತಿರವಾಗಿ ಕಪ್ಪು ನೆರಳು ಕಾಣುತ್ತದೆ. ಉದ್ದನೆಯ ಐ ರಿಲೀಫ್ ಕನ್ನಡಕವಿಲ್ಲದವರಿಗೆ ತೊಂದರೆ ಕೊಡುತ್ತದೆ ಎಂಬ ಮಾತು ಐಕಪ್ಪು ಸಾಕಷ್ಟು ಮೇಲೇಳದ ದುರ್ಬೀನಿಗೆ ಮಾತ್ರ ನಿಜ. ಐಕಪ್ಪಿನ ಅಂಚಿನಲ್ಲಿ ಮೆತ್ತನೆಯ ರಬ್ಬರ್ ಇರುವುದೂ ಅಗತ್ಯ. ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ದಿನವೂ ಒತ್ತಿದರೆ ಕನ್ನಡಕದ ಗಾಜಿನ ಮೇಲೆ ದುಂಡನೆಯ ಗೀರು ಮೂಡುತ್ತದೆ.

ಎರಡು ಕಣ್ಣುಗಳ ನಡುವಿನ ಪವರ್ ವ್ಯತ್ಯಾಸವನ್ನು ಸರಿದೂಗಿಸುವ ಡಯಾಪ್ಟರ್ ಹೊಂದಿಸುವುದನ್ನು ಅನೇಕರು ಬಿಟ್ಟೇಬಿಡುತ್ತಾರೆ. ಮೊದಲು ಎರಡೂ ಕೊಳವೆಗಳನ್ನು ಮಡಚಿ ಅಗಲಿಸಿ, ಎರಡು ವೃತ್ತಗಳು ಒಂದಾಗುವಂತೆ ಮಾಡಿಕೊಳ್ಳಬೇಕು. ಬಳಿಕ ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ದೂರದ ಒಂದು ಫಲಕವನ್ನು ಎಡಗಣ್ಣಿಗೆ ಸ್ಪಷ್ಟವಾಗುವಂತೆ ನಡುವಿನ ಚಕ್ರದಿಂದ ಫೋಕಸ್ ಮಾಡಬೇಕು. ಆಮೇಲೆ ಎಡಗಡೆ ಮುಚ್ಚಿ, ಚಕ್ರವನ್ನು ಮುಟ್ಟದೆ, ಡಯಾಪ್ಟರಿನ ಬಳೆಯನ್ನು ತಿರುಗಿಸಿ ಬಲಗಣ್ಣಿಗೆ ಅದೇ ಫಲಕವನ್ನು ಸ್ಪಷ್ಟ ಮಾಡಬೇಕು. ಕಣ್ಣು ಮುಚ್ಚುವುದಕ್ಕಿಂತ ಗಾಜು ಮುಚ್ಚುವುದು ಮೇಲು. ಒಂದು ಕಣ್ಣು ಮುಚ್ಚಿದಾಗ ಇನ್ನೊಂದು ಕಣ್ಣೂ ಕಿರಿದಾಗಿ ಫೋಕಸ್ ತಪ್ಪುತ್ತದೆ.

ಅಂಗಡಿಗೆ ಹೋಗುವಾಗ ದಿನನಿತ್ಯದ ಕನ್ನಡಕವನ್ನೇ ಹಾಕಿಕೊಂಡು ಹೋಗಬೇಕು. ಒಳಗಿನ ದೀಪದಲ್ಲಿ ನೋಡಿ ತೃಪ್ತಿಪಡದೆ, ಬಾಗಿಲಿನಾಚೆ ಎದುರು ಕಟ್ಟಡದ ಸೂರಿನ ಕಡೆಗೆ ಹಿಡಿದು, ವೃತ್ತದ ಅಂಚು ಕಪ್ಪಾಗಿ ಗೆರೆ ಕೊಯ್ದಂತೆ ಕಾಣುತ್ತದೆಯೇ ಎಂದು ಗಮನಿಸಬೇಕು. ಅಂಚು ಮಸುಕಾಗಿದ್ದರೆ, ಕನ್ನಡಕವನ್ನು ಬೆರಳಿನಿಂದ ಹಣೆಯ ಕಡೆಗೆ ತುಸು ಒತ್ತಿ ನೋಡಬೇಕು. ಒತ್ತಿದಾಗ ವೃತ್ತ ಅಗಲವಾದರೆ ಐ ರಿಲೀಫ್ ಸಾಲದು ಎಂದೇ ಅರ್ಥ. ಅಂಥದನ್ನು ಎಷ್ಟೇ ರಿಯಾಯಿತಿ ಕೊಟ್ಟರೂ ಕೊಳ್ಳಬಾರದು. ತರಿಸಿಕೊಂಡು ನೋಡುವವರು ಹಿಂದಿರುಗಿಸುವ ಅವಕಾಶವಿದೆಯೇ ಎಂಬುದನ್ನು ಮೊದಲೇ ಖಚಿತ ಮಾಡಿಕೊಳ್ಳಲಿ.

ಅಳಿವೆಗಳ ಅಗತ್ಯ ಬೇರೆ. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರು ಬಯಲು ತೆರೆದುಕೊಂಡಾಗ, ಚಳಿಗಾಲದ ವಲಸೆ ಹಕ್ಕಿಗಳು ನೀರಿನಂಚಿನಲ್ಲಿ ಬಹುದೂರದಲ್ಲಿ ಮೇಯುತ್ತವೆ. ಕಾಲಿನ ಬಣ್ಣ, ಕೊಕ್ಕಿನ ಬಾಗು ಕಾಣಬೇಕಾದರೆ ಎಂಟು ಪಟ್ಟು ಸಾಲದು, ಮುಕ್ಕಾಲಿಯ ಮೇಲಿನ ಸ್ಪಾಟಿಂಗ್ ಸ್ಕೋಪು, ಅಂದರೆ ಒಂದೇ ಕೊಳವೆಯ ದೂರದರ್ಶಕ, ಬೇಕು. ಅದರಲ್ಲೂ 20ರಿಂದ 60ರವರೆಗೆ ಏರುವ ಜೂಮ್ ಬದಲು 25 ಅಥವಾ 30 ಪಟ್ಟಿನ ಸ್ಥಿರ ಐಪೀಸು (ಕಣ್ಣಿಡುವ ಮಸೂರದ ಭಾಗ) ಕನ್ನಡಕದವರಿಗೆ ಹಿತ. ನೋಟ ಅಗಲ, ಕಣ್ಣಿಗೆ ಜಾಗವೂ ಹೆಚ್ಚು. 60 ಮಿಲಿಮೀಟರ್ ಗಾಜಿನಲ್ಲಿ 60 ಪಟ್ಟು ಹಿಗ್ಗಿಸಿದರೆ ಬೆಳಕಿನ ಬಿಲ್ಲೆ ಒಂದೇ ಮಿಲಿಮೀಟರಿಗೆ ಇಳಿಯುತ್ತದೆ. ಬಿಸಿಲೇರಿದ ಮೇಲೆ ಕೆಸರಿನ ಮೇಲಿನ ಗಾಳಿ ಕಾದು ಬಿಂಬವೇ ಅಲೆಯಾಡುವುದರಿಂದ ಅಷ್ಟು ಹಿಗ್ಗಳತೆಯಿಂದ ಪ್ರಯೋಜನವೂ ಇಲ್ಲ.

ಕಾರವಾರದ ಕಡೆ ಎರಡು ಎಚ್ಚರಿಕೆ ಬೇಕು. ನೌಕಾನೆಲೆಯ ಸುತ್ತಮುತ್ತ ದುರ್ಬೀನು ಹೊರತೆಗೆಯದಿರುವುದೇ ಸರಿ. ಕಡಲಲ್ಲಿ ಮುಳುಗುವ ಸೂರ್ಯನ ಕಡೆಗೆ, ಅದು ಎಷ್ಟೇ ಕೆಂಪಾಗಿ ತಣ್ಣಗೆ ಕಂಡರೂ, ದುರ್ಬೀನು ಹಿಡಿಯಲೇಬಾರದು.

ನಮ್ಮ ಮಳೆಯಲ್ಲಿ ಗಾಜಿನೊಳಗೆ ಬೂಸು ಹಿಡಿಯುವುದು ಇನ್ನೊಂದು ದೊಡ್ಡ ಶತ್ರು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿದು ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದಿರುವಾಗ, ಚರ್ಮದ ಚೀಲದಲ್ಲಿ ಮುಚ್ಚಿಟ್ಟ ದುರ್ಬೀನಿನ ಮಸೂರಗಳ ಮೇಲೆ ಬೂಸಿನ ಎಳೆಗಳು ಹಬ್ಬುತ್ತವೆ. ಒಮ್ಮೆ ಹಬ್ಬಿದರೆ ಗಾಜಿನ ಲೇಪವನ್ನೇ ಕೆಡಿಸುತ್ತವೆ. ನೈಟ್ರೋಜನ್ ತುಂಬಿ ಭದ್ರವಾಗಿ ಮುಚ್ಚಿದ, ನೀರು ಹೋಗದ ದುರ್ಬೀನಿಗೆ ಹೆಚ್ಚು ಹಣ ಕೊಟ್ಟರೆ ಇಲ್ಲಿ ಅದು ದುಂದಲ್ಲ. ಅದನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಬೇಕು, ಚೀಲಗಳನ್ನು ಆಗಾಗ ಕಾಯಿಸಿ ಒಣಗಿಸಿಕೊಳ್ಳಬೇಕು. ಕಡಲಿನಿಂದ ಬಂದಮೇಲೆ ಉಪ್ಪನ್ನು ಪಂಚೆಯ ತುದಿಯಿಂದ ಉಜ್ಜಬಾರದು. ನೀರು ಹೋಗದ ದುರ್ಬೀನಾದರೆ ಸಿಹಿನೀರಿನಲ್ಲಿ ಮೆಲ್ಲನೆ ತೊಳೆದು, ಆಮೇಲೆ ಮೆತ್ತನೆಯ ಬಟ್ಟೆಯಿಂದ ನೀರು ಒತ್ತಿ ತೆಗೆಯಬೇಕು. ಉಪ್ಪಿನ ಹರಳು ಗಾಜಿನ ಲೇಪವನ್ನು ಗೀರಿಬಿಡುತ್ತದೆ. ಕನ್ನಡಕದ ಗಾಜಿಗೂ ಇದೇ ಉಪಚಾರ.

ದುರ್ಬೀನು ಕೊಂಡ ಮೇಲೆ ಕನ್ನಡಕ ಬದಲಾಯಿಸುವ ಸಂದರ್ಭ ಬಂದರೆ, ಚೌಕಟ್ಟು ಆರಿಸುವಾಗ ದುರ್ಬೀನನ್ನೂ ಕನ್ನಡಕದ ಅಂಗಡಿಗೆ ಒಯ್ಯುವುದು ಒಳ್ಳೆಯದು. ಮೂಗಿನ ಮೇಲಿನ ಪ್ಯಾಡುಗಳನ್ನು ಬಾಗಿಸಲು ಬರುವ ತಂತಿಯ ಚೌಕಟ್ಟನ್ನು ಅಂಗಡಿಯವರು ಮುಖಕ್ಕೆ ಸಮೀಪವಾಗಿ, ರೆಪ್ಪೆಗೂದಲು ತಾಗದಷ್ಟು ಹತ್ತಿರಕ್ಕೆ ಕೂರಿಸಿಕೊಡಬಲ್ಲರು. ದಪ್ಪ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಅದಕ್ಕೆ ಅವಕಾಶ ಕಡಿಮೆ, ಜೊತೆಗೆ ಅದರ ಅಂಚು ಗಾಜಿಗಿಂತ ಮುಂದೆ ಚಾಚಿಕೊಂಡಿದ್ದರೆ ಐಕಪ್ಪು ಗಾಜಿಗೆ ತಾಗುವ ಮೊದಲೇ ಅಂಚಿಗೆ ತಾಗಿ ನಿಲ್ಲುತ್ತದೆ. ಕನ್ನಡಕ ಎರಡು ಮಿಲಿಮೀಟರ್ ಹಿಂದಕ್ಕೆ ಬಂದರೆ ಅಷ್ಟೇ ಐ ರಿಲೀಫ್ ಹೆಚ್ಚಿದಂತಾಯಿತು. 15 ಮಿಲಿಮೀಟರಿನ ಹಳೆಯ ದುರ್ಬೀನೊಂದು ಮನೆಯಲ್ಲಿದ್ದು ಹೊಸದಕ್ಕೆ ಹಣ ಹೊಂದಿಸಲು ಕಷ್ಟವಾಗಿರುವವರು ಈ ದಾರಿಯನ್ನು ಮೊದಲು ಪ್ರಯತ್ನಿಸಬೇಕೆಂದು ಕೇಳಿಕೊಳ್ಳುತ್ತೇನೆ.